ಸಹಾಯ ಬೇಕು: ಅಧ್ಯಾಪಕರ ನಡುವೆ ಸೇವೆ ಮಾಡುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ವಂದನೆ. ನಾನು, ನನ್ನ ಹೆಂಡತಿ ಮೊದಲು ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಸೇವೆಯಲ್ಲಿದ್ದೆವು. ಈಗ ವಿಶ್ವವಿದ್ಯಾಲಯದ ಅಧ್ಯಾಪಕರ ನಡುವೆ ಶುರು ಮಾಡಿದ್ದೇವೆ. ವಿದ್ಯಾರ್ಥಿಗಳು ಶಿಬಿರ, ಹಾಡು ಅಂದರೆ ಬಂದುಬಿಡುತ್ತಾರೆ. ಇವರು ಹಾಗಲ್ಲ. ಸಂಶೋಧನೆ, ಅನುದಾನ, ಬಡ್ತಿ, ಉತ್ತರಪತ್ರಿಕೆ, ಯಾವಾಗಲೂ ಒಂದಲ್ಲ ಒಂದು ಗಡಿಬಿಡಿ. ಅದಕ್ಕಿಂತ ಜಾಸ್ತಿ, ಸಹೋದ್ಯೋಗಿಗಳ ಮುಂದೆ ತಮ್ಮ ಅನುಮಾನ ಹೇಳಿಕೊಳ್ಳಲು ಸಂಕೋಚ.

ವಿಜ್ಞಾನ ಮತ್ತು ನಂಬಿಕೆಯ ಬಗ್ಗೆ ಒಂದು ಮಾತುಕತೆ ಇಟ್ಟುಕೊಳ್ಳುತ್ತಿದ್ದೇವೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಜಾರ್ಜ್ ಲೆಮೈತ್ರ್ ಪಾದ್ರಿಯಾಗಿದ್ದರು. ಕೇಂಬ್ರಿಜ್‌ನ ಭೌತವಿಜ್ಞಾನಿ ಜಾನ್ ಪೋಲ್ಕಿಂಗ್‌ಹಾರ್ನ್ ಪಾದ್ರಿಯಾಗಲೆಂದು 1979ರಲ್ಲಿ ಪ್ರಾಧ್ಯಾಪಕ ಹುದ್ದೆಯನ್ನೇ ಬಿಟ್ಟರು. ಆದರೆ ಇಷ್ಟು ಹೇಳಿದರೆ ಸಾಲದು ಅಲ್ವಾ? ಇತಿಹಾಸ, ಸಮಾಜಶಾಸ್ತ್ರದವರ ಪ್ರಶ್ನೆಗಳೇ ಬೇರೆ. ಅವರ ಜೊತೆ ಮಾತು ಎಲ್ಲಿಂದ ಶುರು ಮಾಡುತ್ತೀರಿ?

ಇನ್ನೊಂದು ವಿಷಯ. ಅಂಕ ಕೊಡುವವರು ತರಗತಿಯಲ್ಲಿ ನಂಬಿಕೆ ಹೇರಬಾರದು, ಅದರಲ್ಲಿ ನಮಗೆ ಸಂಶಯವಿಲ್ಲ. ವಿದ್ಯಾರ್ಥಿಯೇ ಬಂದು ಕೇಳಿದರೆ? ಎಷ್ಟು ಹೇಳಬಹುದು ಎಂದು ಒಬ್ಬ ಪ್ರಾಧ್ಯಾಪಕಿ ಕೇಳಿದರು. ನಮ್ಮಿಬ್ಬರ ಉತ್ತರ ಬೇರೆ ಬೇರೆ ಬಂತು!

ಗಂಡ ಹೆಂಡತಿ ಒಟ್ಟಿಗೆ ಈ ಸೇವೆಯಲ್ಲಿರುವವರು ದಯವಿಟ್ಟು ಅನುಭವ ಬರೆಯಿರಿ. ಸುಮ್ನೆ ‘ಪ್ರಾರ್ಥಿಸುತ್ತೇವೆ’ ಅಂದರೂ ಸಂತೋಷವೇ. ಜೊತೆಗೆ ಒಂದು ಸಲಹೆಯನ್ನೂ ಕೊಡಿ.