ಒಡಿಶಾದ ಪುರಿಲಿರೋ ಗೆಳೆಯನ ಫೋನ್ ಸಿಗ್ತಿಲ್ಲ, ಏನ್ ಮಾಡ್ಲಿ?

ಪ್ರಶ್ನೆ (ಮಂಡ್ಯ, 5 ಮೇ 2019): ಶುಕ್ರವಾರ ಬೆಳಿಗ್ಗೆ ಫನಿ ಚಂಡಮಾರುತ ಪುರಿಗೆ ಅಪ್ಪಳಿಸಿದಾಗಿಂದ ಗೆಳೆಯನ ಫೋನ್ ಸ್ವಿಚ್ ಆಫ್. ವಾಟ್ಸಾಪಲ್ಲಿ ಒಂದೇ ಟಿಕ್. ಯುಗಾದಿಗೆ ಬಂದಾಗ ತಂದಿದ್ದ ಖಾಜಾ (ಪುರಿ ಕಡೆ ಸಿಹಿತಿಂಡಿ) ಡಬ್ಬಿಲಿ ಇನ್ನೂ ನಾಕು ಉಳಿದವೆ, ನೋಡಿದ್ರೆ ಕರುಳು ಚುರ್ ಅಂತದೆ. ಅವರಮ್ಮಂಗೆ ವಯಸ್ಸಾಗದೆ, ಮನೆ ಸಮುದ್ರದ ದಂಡೇಲೇ.

ಉತ್ತರ: ಅಣ್ಣ, ಗಾಬರಿಯಾಗ್ಬೇಡಿ. ಕರೆಂಟಿಲ್ದೆ ಟವರ್ ಬ್ಯಾಟರಿ ಮುಗಿದ್ರೆ ಎಲ್ಲರ ಫೋನೂ ಹಿಂಗೇ. ಪದೇ ಪದೇ ಕಾಲ್ ಮಾಡೋ ಬದ್ಲು ಒಂದು ಎಸ್ಸೆಮ್ಮೆಸ್ ಹಾಕಿ. ಸಿಗ್ನಲ್ ಬಂದ ತಕ್ಷಣ ತಲುಪ್ತದೆ.

ಉತ್ತರ: ಒಡಿಶಾದಲ್ಲಿ 10 ಲಕ್ಷಕ್ಕೂ ಹೆಚ್ಚು ಜನರನ್ನ ಮೊದಲೇ ಸ್ಥಳಾಂತರಿಸವ್ರೆ. ಅಮ್ಮನೂ ಹೋಗಿರ್ತಾರೆ, ಧೈರ್ಯವಾಗಿರಿ.

ಮಂಡ್ಯ: ಎಸ್ಸೆಮ್ಮೆಸ್ ತಲುಪ್ತು ಕಣಣ್ಣ! ಮಂಗಳವಾರ ರಾತ್ರಿ ಉತ್ತರ ಬಂತು. ಮನೆ ಶೀಟ್ ಹಾರೋಗದಂತೆ, ಅಮ್ಮ ಸ್ಕೂಲಲ್ಲಿ ಕ್ಷೇಮ. ನಾಳೆ ಬೆಳಿಗ್ಗೆ ಅವನಿಗೆ ದುಡ್ಡು ಹಾಕ್ತೀನಿ.