ಪುಟ್ಟಾ, ಮೊದಲು ಗಾಡಿ ತೂಕ ಹಾಕಿಸು

ಪುಟ್ಟಾ, ನಾನು ಚಿಕ್ಕಮ್ಮ. ನಿನ್ನ ಮೆಸೇಜು ನಿನ್ನೆ ರಾತ್ರಿಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಗ್ರೂಪಿನಲ್ಲಿ ಉಳಿದವರಿಗೆ ಬೇಡ ಅನಿಸಿದರೆ ಸುಮ್ನೆ ಬಿಟ್ಟುಬಿಡಿ, ನಾನೇನೂ ಅಂದುಕೊಳ್ಳುವುದಿಲ್ಲ.

ಹಳೆಯ ಕ್ಯಾರವಾನ್, ಅದೇ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಗಾಡಿ, ಒಂದು ತಗೊಂಡಿದ್ದೇವೆ, ಕಾರಿಗೆ ಕಟ್ಟಿಕೊಂಡು ಮೂರು ತಿಂಗಳು ಹೋಗುತ್ತೇವೆ, ಇನ್ನೂ ಏನೇನು ಕೊಳ್ಳಬೇಕು ಹೇಳಿ ಅಂದಿದ್ದೀಯ. ಜೊತೆಗೆ ನಲವತ್ತು ಸಾಮಾನಿನ ಪಟ್ಟಿ ಬೇರೆ. ಪಟ್ಟಿ ಚೆನ್ನಾಗಿದೆ ಕಣೋ. ಆದರೆ ನೀನು ಕೇಳಬೇಕಾದ್ದು ಏನು ಕೊಳ್ಳಲಿ ಅಂತ ಅಲ್ಲ, ಎಷ್ಟು ಹೊರಿಸಬಹುದು ಅಂತ. ನಾವು ನಾಲ್ಕು ತಿಂಗಳು ತಿರುಗಿ ಬಂದವರು. ಮೊದಲ ಹದಿನೈದು ದಿನ ಪಟ್ಟ ಪಾಡೆಲ್ಲ ತೂಕದ್ದೇ.

ಗಾಡಿಯ ಮೇಲೆ ಒಂದು ತಗಡಿನ ಪಟ್ಟಿ ಇರುತ್ತದೆ ನೋಡು. ಅದರಲ್ಲಿ ಎಲ್ಲ ಸೇರಿ ಗರಿಷ್ಠ ತೂಕ ಎಷ್ಟಿರಬಹುದು ಅಂತ ಬರೆದಿರುತ್ತಾರೆ. ಅದರಿಂದ ಖಾಲಿ ಗಾಡಿಯ ತೂಕ ಕಳೆ. ಉಳಿದದ್ದೇ ನಿನ್ನ ಪಾಲು. ಉದಾಹರಣೆಗೆ 2000 ಕಿಲೋ ಅಂತ ಇದೆ, ಖಾಲಿ ತೂಕ 1650 ಅಂತ ಇಟ್ಟುಕೋ. ಉಳಿದದ್ದು 350. ಅಬ್ಬಾ, 350 ಕಿಲೋ ಅನಿಸುತ್ತದೆ ಅಲ್ವಾ? ಈಗ ನೀರು ತುಂಬು. ಒಂದು ಲೀಟರ್ ಅಂದರೆ ಒಂದು ಕಿಲೋ. 80 ಲೀಟರಿನ ಎರಡು ಟ್ಯಾಂಕು ತುಂಬಿದರೆ 160 ಕಿಲೋ ಹೋಯಿತು. ಗ್ಯಾಸ್ ಸಿಲಿಂಡರು, ಎರಡನೇ ಬ್ಯಾಟರಿ, ಹೊರಗೆ ಬಿಚ್ಚುವ ನೆರಳಿನ ಚಪ್ಪರ, ಅದೂ ಇದೂ. ಬಟ್ಟೆ ಪಾತ್ರೆ ಇಡುವ ಮೊದಲೇ ಮುಕ್ಕಾಲು ಪಾಲು ಮುಗಿದಿರುತ್ತದೆ. ಇನ್ನೊಂದು ವಿಷಯ. ಹಳೆಯ ಗಾಡಿಗೆ ಮೊದಲಿನವರು ಸೋಲಾರ್ ಅಂತ ಒಂದು, ಏಸಿ ಅಂತ ಒಂದು ಸೇರಿಸಿರುತ್ತಾರೆ. ತಗಡಿನ ಮೇಲಿನ ಖಾಲಿ ತೂಕದಲ್ಲಿ ಅದ್ಯಾವುದೂ ಇರುವುದಿಲ್ಲ. ಹಾಗಾಗಿ ಕಾಗದ ನಂಬಬೇಡ. ಪ್ರಯಾಣಕ್ಕೆ ಹೊರಡುವಂತೆಯೇ ಎಲ್ಲ ತುಂಬಿಸಿ, ನೀರೂ ತುಂಬಿಸಿ, ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ನಿಲ್ಲಿಸು. ಕಾರನ್ನೂ ತೂಗಿಸು, ಒಳಗೆ ನೀವು ಕೂತೇ.

ಒಟ್ಟು ತೂಕ ಸರಿ ಇದ್ದರೆ ಸಾಲದು, ಅದು ಎಲ್ಲಿ ಕೂತಿದೆ ಅನ್ನುವುದೂ ನೋಡಬೇಕು. ನಿಮ್ಮ ಚಿಕ್ಕಪ್ಪ ಏನು ಮಾಡಿದರು ಗೊತ್ತಾ? ಜಾಗ ಇದೆಯಲ್ಲಾ ಅಂತ ಎರಡು ಸೈಕಲ್ಲು, ಟೂಲ್ ಬಾಕ್ಸು ಎರಡನ್ನೂ ತೀರಾ ಹಿಂದುಗಡೆ ಕಟ್ಟಿದರು. ನೇರ ರಸ್ತೆ, 90ರ ವೇಗ. ಪಕ್ಕದಲ್ಲಿ ಒಂದು ದೊಡ್ಡ ಲಾರಿ ದಾಟಿ ಹೋಯಿತು. ಆ ಗಾಳಿಯ ಹೊಡೆತಕ್ಕೆ ನಮ್ಮ ಗಾಡಿ ಬಾಲ ಆಡಿಸಲು ಶುರು ಮಾಡಿತು. ಎಡಕ್ಕೆ, ಬಲಕ್ಕೆ, ಮತ್ತೆ ಇನ್ನೂ ಜೋರಾಗಿ ಎಡಕ್ಕೆ. ಕಾರಿನ ಹಿಂಭಾಗವನ್ನೇ ಹಿಡಿದು ಅಲ್ಲಾಡಿಸಿದ ಹಾಗೆ. ಇವರು ಅಭ್ಯಾಸಬಲದಿಂದ ಬ್ರೇಕು ತುಳಿದರು. ಅದೇ ತಪ್ಪು. ಇನ್ನೂ ಹೆಚ್ಚಾಯಿತು. ನಮ್ಮ ಪುಣ್ಯ, ಎದುರಿಗೆ ಯಾರೂ ಇರಲಿಲ್ಲ.

ಆಗ ಮಾಡಬೇಕಾದ್ದು ಇಷ್ಟು. ಸ್ಟೀರಿಂಗ್ ನೇರ ಹಿಡಿದುಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆ. ಆ ಕಡೆ ಈ ಕಡೆ ತಿರುಗಿಸಿ ಸರಿ ಮಾಡಲು ಹೋಗಬೇಡ. ಗಾಡಿಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ, ಕಾರಿನೊಳಗಿನ ಗುಂಡಿಯಿಂದ ಗಾಡಿಯ ಬ್ರೇಕನ್ನು ಮಾತ್ರ ಮೆಲ್ಲಗೆ ಹಾಕಬಹುದು. ಆದರೆ ಆ ಸ್ಥಿತಿ ಬರದ ಹಾಗೆ ತುಂಬುವುದೇ ವಾಸಿ. ಭಾರದ ಸಾಮಾನು ಕೆಳಗೆ, ಚಕ್ರದ ಅಚ್ಚಿನ ಹತ್ತಿರ. ಮೇಲಿನ ಕಪಾಟಿಗೆ ಬಟ್ಟೆ, ಹಾಸಿಗೆ ಥರ ಹಗುರದ್ದು. ತೀರಾ ಹಿಂದೆ ಏನೂ ಬೇಡ. ಗಾಡಿಯ ಮೂತಿ ಕಾರಿನ ಕೊಂಡಿಯ ಮೇಲೆ ಸ್ವಲ್ಪ ಭಾರ ಹಾಕಿಯೇ ಕೂರಬೇಕು. ಸಾಮಾನ್ಯವಾಗಿ ಗಾಡಿಯ ತೂಕದಲ್ಲಿ ಶೇ 5ರಿಂದ 10ರಷ್ಟು ಹೇಳುತ್ತಾರೆ. ಸರಿಯಾದ ಮಿತಿ ಕಾರಿನ, ಗಾಡಿಯ ಪುಸ್ತಕದಲ್ಲೇ ಇರುತ್ತದೆ, ಅದನ್ನು ದಾಟಬೇಡ. ಆ ಭಾರ ಕಾರಿನ ಲೆಕ್ಕಕ್ಕೂ ಸೇರುತ್ತದೆ, ಇದನ್ನು ಎಲ್ಲರೂ ಮರೆಯುತ್ತಾರೆ. ನೀರಿನ ಟ್ಯಾಂಕು ಅಚ್ಚಿನ ಹಿಂದೆ ಇದ್ದರೆ, ಅದು ತುಂಬಿದಾಗ ಮೂತಿ ಹಗುರವಾಗುತ್ತದೆ. ಅದಕ್ಕೇ ನೀರು ತುಂಬಿಸಿ ಒಂದು ಸಲ, ಖಾಲಿ ಮಾಡಿ ಒಂದು ಸಲ ನೋಡು ಅನ್ನುವುದು.

ಅಯ್ಯೋ, ಆರು ನಿಮಿಷ ಆಗಿಹೋಯಿತಾ? ಇರಲಿ.

ಟೈರು. ನಿನ್ನ ಫೋಟೋದಲ್ಲಿ ಟೈರಿನ ಪಟ್ಟೆ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಮೋಸ ಹೋಗಬೇಡ. ಕ್ಯಾರವಾನ್ ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ. ಟೈರು ಸವೆಯುವುದಿಲ್ಲ, ನಿಂತಲ್ಲೇ ಬಿಸಿಲಿಗೆ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕು. 2318 ಅಂತ ಇದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು ಅಂತ. ಐದು ವರ್ಷ ದಾಟಿದ್ದರೆ ತಿಳಿದವರಿಗೆ ತೋರಿಸು, ಏಳು ದಾಟಿದ್ದರೆ ಯೋಚನೆಯೇ ಬೇಡ, ಬದಲಾಯಿಸು. ಸ್ಟೆಪ್ನಿಯದ್ದನ್ನೂ ನೋಡು. ಗಾಳಿಯನ್ನು ಟೈರು ತಣ್ಣಗಿರುವಾಗ, ಹೊರಡುವ ಮುಂಚೆ ನೋಡಬೇಕು. ಕಾರಿನ ಜಾಕು ಗಾಡಿಯ ಭಾರ ಎತ್ತುತ್ತದಾ ಅಂತ ಮನೆಯಲ್ಲೇ ಎತ್ತಿ ನೋಡು. ಪಾನಾ ಆ ನಟ್ಟಿಗೆ ಕೂರುತ್ತದಾ ಅಂತಲೂ.

ನಟ್ಟು ಅಂದಾಗ ನೆನಪಾಯಿತು. ಹೊರಡುವ ಮೊದಲು ನಾವು ಒಂದು ಗ್ಯಾರೇಜಿನಲ್ಲಿ ಬೇರಿಂಗಿಗೆ ಗ್ರೀಸ್ ಹಾಕಿಸಿ, ಬ್ರೇಕು ನೋಡಿಸಿದೆವು. ಯಾವ ಗ್ಯಾರೇಜು ಅಂತ ಕೇಳಬೇಡ. ಸುಮಾರು 60 ಕಿಲೋಮೀಟರ್ ಹೋಗಿ ಕಾಫಿಗೆ ನಿಲ್ಲಿಸಿದಾಗ ಇವರು ಸುಮ್ನೆ ಪಾನಾ ಹಾಕಿ ನೋಡಿದರೆ ಒಂದು ಚಕ್ರದ ಎರಡು ನಟ್ಟು ಕೈಯಲ್ಲೇ ತಿರುಗುತ್ತಿತ್ತು! ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರಿನೊಳಗೆ ಇನ್ನೊಮ್ಮೆ ಬಿಗಿ ನೋಡಲೇಬೇಕು. ಕಾಲಲ್ಲಿ ತುಳಿದು ಬಿಗಿ ಮಾಡುವುದಲ್ಲ, ಟಾರ್ಕ್ ವ್ರೆಂಚ್ ಅಂತ ಬಿಗಿ ಅಳೆಯುವ ಪಾನಾ ಇರುತ್ತದೆ, ಅದನ್ನು ಹಾಕಿ, ಪುಸ್ತಕದಲ್ಲಿರುವ ಅಳತೆಗೆ.

ನಿನ್ನ ಪಟ್ಟಿಯಲ್ಲಿ ಕರೆಂಟಿನ ಒಲೆ, ಕೆಟಲ್, ಹೇರ್ ಡ್ರೈಯರ್ ಎಲ್ಲ ಕಂಡೆ. ಕರೆಂಟು ಎಳೆದುಕೊಳ್ಳುವ ಜಾಗದಲ್ಲಿ ಉಳಿದರೆ ಸರಿ. ಬ್ಯಾಟರಿಯ ಮೇಲೆ ಆದರೆ ಅದೆಲ್ಲ ಕನಸು. ಹಳೆಯ ಥರದ ಲೆಡ್ ಆಸಿಡ್ ಬ್ಯಾಟರಿ 100 ಆಂಪಿಯರ್ ಅವರ್ (ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದಿದ್ದರೂ ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ. ಅಂದರೆ ಕೈಗೆ ಸಿಗುವುದು 50. ಬರೀ ಫ್ರಿಜ್ಜೇ ದಿನಕ್ಕೆ 40 ತಿಂದರೆ ಉಳಿದದ್ದು ಎಷ್ಟು, ನೀನೇ ಲೆಕ್ಕ ಹಾಕು. ಲಿಥಿಯಂ ಆದರೆ ಶೇ 80ರವರೆಗೂ ಬಳಸಬಹುದು, ತೂಕವೂ ಕಡಿಮೆ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಅಲ್ಲಿ ಮಾಡು. ಮತ್ತೆ ನಿನ್ನದು ಗ್ಯಾಸಿನಲ್ಲೂ ಓಡುವ ಫ್ರಿಜ್ಜಾದರೆ ಗಾಡಿ ಮಟ್ಟಸವಾಗಿ ನಿಲ್ಲಬೇಕು. ಇಳಿಜಾರಿನಲ್ಲಿ ನಿಲ್ಲಿಸಿದರೆ ಅದು ಸರಿಯಾಗಿ ತಣ್ಣಗಾಗುವುದಿಲ್ಲ. ಹೊರಡುವ ಹಿಂದಿನ ದಿನವೇ ಹಾಕಿಟ್ಟು ತಣ್ಣಗಾದ ಸಾಮಾನನ್ನೇ ಒಳಗಿಡು.

ಗ್ಯಾಸಿನ ಬಗ್ಗೆ ನಾನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ. ನೆಲದ ಹತ್ತಿರ ಚಿಕ್ಕ ಜಾಲರಿ ಇರುತ್ತದೆ. ಚಳಿಗಾಳಿ ಬರುತ್ತದೆ ಅಂತ ಅದಕ್ಕೆ ಬಟ್ಟೆ ತುರುಕಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ, ಆ ಜಾಲರಿಯಿಂದಲೇ ಆಚೆ ಹೋಗಬೇಕು. ಒಲೆ ಹಚ್ಚಿಕೊಂಡು ಚಳಿ ಕಾಯಿಸುವುದು ಬೇಡವೇ ಬೇಡ. ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ಹಿಡಿಯುವ ಅಲಾರಂ ಒಂದನ್ನು ಪಟ್ಟಿಯ ಮೊದಲಿಗೆ ಬರೆದುಕೋ. ನಿನ್ನ ನಲವತ್ತರಲ್ಲಿ ಅದೇ ಇಲ್ಲ! ಬೆಂಕಿ ಆರಿಸುವ ಸಿಲಿಂಡರೂ ಇಲ್ಲ. ಚಳಿ ಪ್ರದೇಶಕ್ಕೆ ಹೋಗುವುದಾದರೆ ಪ್ರೊಪೇನ್ ಅನ್ನುವ ಗ್ಯಾಸೇ ಬೇಕು. ಇನ್ನೊಂದು ಥರದ ಗ್ಯಾಸ್ ಬ್ಯುಟೇನ್, ಚಳಿ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಸಿಲಿಂಡರಿನಿಂದ ಗ್ಯಾಸಾಗಿ ಹೊರಗೆ ಬರುವುದೇ ಇಲ್ಲ.

ನೀರಿನ ಪೈಪು ಎರಡು ಇರಲಿ, ಬೇರೆ ಬೇರೆ ಬಣ್ಣದ್ದು. ಒಂದು ಕುಡಿಯುವ ನೀರಿಗೆ, ಇನ್ನೊಂದು ಗಲೀಜು ತೊಳೆಯಲು. ಯಾಕೆ ಅಂತ ಬಿಡಿಸಿ ಹೇಳುವುದು ಬೇಡ. ಔಷಧಿ, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ನಿನ್ನ ಹೆಂಡತಿ ನೋಡಿಕೊಳ್ಳುತ್ತಾಳೆ, ಅವಳು ಜಾಣೆ. ಗಾಡಿ ಎಳೆಯುವುದಕ್ಕೂ ಇನ್ಶೂರೆನ್ಸ್ ಅನ್ವಯಿಸುತ್ತದಾ, ಆ ತೂಕಕ್ಕೆ ನಿನ್ನ ಲೈಸೆನ್ಸ್ ಸಾಕಾ, ಅದು ಮಾತ್ರ ಕೇಳಿ ತಿಳಿದುಕೊಳ್ಳಿ.

ಕೊಂಡಿ ಹಾಕುವ ಕೆಲಸ ಇಬ್ಬರೂ ಕಲಿಯಬೇಕು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಗಾಡಿ ಎಳೆಯಬೇಕಲ್ಲ. ಕೊಂಡಿ ಕೂತ ಮೇಲೆ ಗಾಡಿಯ ಮುಂದಿನ ಪುಟ್ಟ ಚಕ್ರದ ಹಿಡಿ ತಿರುಗಿಸಿ ಗಾಡಿಯ ಮೂತಿಯನ್ನು ಸ್ವಲ್ಪ ಮೇಲೆತ್ತಿ ನೋಡು. ಕಾರಿನ ಹಿಂಭಾಗವೂ ಜೊತೆಗೇ ಎದ್ದರೆ ಕೊಂಡಿ ಸರಿಯಾಗಿ ಕಚ್ಚಿದೆ ಅಂತ ಅರ್ಥ. ಆಮೇಲೆ ಸರಪಳಿ, ಲೈಟಿನ ವೈರು, ಗಾಡಿಯ ಹ್ಯಾಂಡ್ ಬ್ರೇಕು, ಗಾಡಿ ನಿಂತಾಗ ಊರುವ ನಾಲ್ಕು ಮೂಲೆಯ ಕಾಲು, ಮೆಟ್ಟಿಲು, ಚಾವಣಿ ಮೇಲಿನ ಕಿಟಕಿ. ಒಂದು ರಟ್ಟಿನ ಮೇಲೆ ಬರೆದಿಟ್ಟು ಒಬ್ಬರು ಓದಬೇಕು, ಇನ್ನೊಬ್ಬರು ಮುಟ್ಟಿ ನೋಡಬೇಕು. ಆ ಹೊತ್ತಿನಲ್ಲಿ ಯಾರಾದರೂ ಬಂದು ಮಾತಾಡಿಸಿದರೆ, ಮತ್ತೆ ಒಂದರಿಂದ ಶುರು. ನಮ್ಮ ಮೇಲಿನ ಕಿಟಕಿ ಹಾಗೇ ಮಾತಿನ ಭರದಲ್ಲಿ ತೆರೆದೇ ಉಳಿದು ದಾರಿಯಲ್ಲಿ ಹಾರಿಹೋಯಿತು. ಅವತ್ತು ರಾತ್ರಿಯೇ ಮಳೆ. ತೂತಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು, ಇಬ್ಬರೂ ಮುಖ ಊದಿಸಿಕೊಂಡು ಮಲಗಿದೆವು.

ಹಿಂದಕ್ಕೆ ತೆಗೆಯುವಾಗ ಸ್ಟೀರಿಂಗಿನ ಕೆಳಭಾಗ ಹಿಡಿದುಕೋ. ಗಾಡಿಯ ಬಾಲ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಸು, ಅಷ್ಟೇ. ಖಾಲಿ ಮೈದಾನದಲ್ಲಿ ಒಂದು ಮಧ್ಯಾಹ್ನ ಕಲಿ. ಹಿಂದೆ ನಿಂತು ಕೈಸನ್ನೆ ಮಾಡುವುದರಿಂದ ಸಂಸಾರ ಕೆಡುತ್ತದೆ, ಫೋನ್ ಹಚ್ಚಿಕೊಂಡು ಮಾತಾಡಿ. ಗಾಡಿಯ ಎತ್ತರ ಅಳೆದು ಒಂದು ಚೀಟಿಯಲ್ಲಿ ಬರೆದು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸು. ತಗ್ಗು ಸೇತುವೆ ಎದುರಿಗೆ ಬಂದಾಗ ನೆನಪು ಮಾಡಿಕೊಳ್ಳಲು ಆಗುವುದಿಲ್ಲ.

ಈಗ ಮುಂದಿನ ಶನಿವಾರ ಏನು ಮಾಡುತ್ತೀರಿ ಹೇಳುತ್ತೇನೆ. ಗಾಡಿಯನ್ನು ಮನೆ ಮುಂದೆಯೇ ನಿಲ್ಲಿಸಿ, ಒಂದು ರಾತ್ರಿ ಅದರಲ್ಲೇ ಇರಿ. ಅಡುಗೆ, ಸ್ನಾನ, ನಿದ್ದೆ ಎಲ್ಲ ಅಲ್ಲೇ. ಮನೆ ಬೀಗ ತೆಗೆಯುವ ಹಾಗಿಲ್ಲ. ಆಮೇಲಿನ ವಾರ ಹತ್ತಿರದಲ್ಲೇ ಎಲ್ಲಾದರೂ ಎರಡು ರಾತ್ರಿ ಹೋಗಿ ಬನ್ನಿ. ಬಂದು ಗಾಡಿಯನ್ನು ಪೂರ್ತಿ ಖಾಲಿ ಮಾಡಿ. ಒಂದು ಸಲವೂ ಮುಟ್ಟದ ಸಾಮಾನು ವಾಪಸ್ ಒಳಗೆ ಹೋಗಬಾರದು. ಔಷಧಿ, ಸ್ಟೆಪ್ನಿ, ಫ್ಯೂಸು, ಬೆಂಕಿ ಆರಿಸುವುದು, ಇವಿಷ್ಟಕ್ಕೆ ಮಾತ್ರ ವಿನಾಯಿತಿ.

ದಿನಕ್ಕೆ 600 ಕಿಲೋಮೀಟರ್ ಅಂತ ಬರೆದಿದ್ದೀಯಲ್ಲ, ಅದನ್ನು 300 ಮಾಡು. ಕತ್ತಲಾದ ಮೇಲೆ ಗೊತ್ತಿಲ್ಲದ ಜಾಗದಲ್ಲಿ ಗಾಡಿ ಹಿಂದಕ್ಕೆ ತೆಗೆಯುವುದು ಏನು ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು.

ಟಾರ್ಕ್ ವ್ರೆಂಚ್ ಕೊಳ್ಳಬೇಡ, ನಮ್ಮದೇ ತಗೊಂಡು ಹೋಗು. ಚಿಕ್ಕಪ್ಪ ಇಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೆ, ವಾಪಸ್ ತಂದು ಕೊಡಬೇಕಂತೆ. ಸೈಕಲ್ಲಿನ ವಿಷಯ ಗ್ರೂಪಿನಲ್ಲಿ ಯಾಕೆ ಹೇಳಿದೆ ಅಂತ ಬೇರೆ ಗೊಣಗುತ್ತಿದ್ದಾರೆ. ವೇ ಬ್ರಿಡ್ಜ್ ಚೀಟಿ ಸಿಕ್ಕ ಕೂಡಲೇ ಫೋಟೋ ಇಲ್ಲಿ ಹಾಕು. ಅದನ್ನು ನೋಡಿಯೇ ಆ ನಲವತ್ತರಲ್ಲಿ ಯಾವುದನ್ನು ಹೊಡೆದುಹಾಕುವುದು ಅಂತ ಹೇಳುತ್ತೇನೆ. ಹೇರ್ ಡ್ರೈಯರನ್ನು ಈಗಲೇ ಹೊಡೆದುಹಾಕಬಹುದು.