ಪದ ಬೇಕು: ಯುರೇಟರ್, ಯುರೆತ್ರಾ ಎರಡಕ್ಕೂ "ಮೂತ್ರನಾಳ"ವೇ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ಹೆಣ್ಣುಮಕ್ಕಳ ಆರೋಗ್ಯ ಶಿಬಿರಕ್ಕೆ ಒಂದು ಪುಟದ ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು. ಕಿಡ್ನಿ ಮತ್ತು ಮೂತ್ರದ ದಾರಿಯಲ್ಲಿ ಆಗುವ ಸೋಂಕು, ಉರಿಯೂತ, ತಡೆ, ಇದಿಷ್ಟು ವಿಷಯ.

ಕಿಡ್ನಿಯಿಂದ ಕೆಳಗಿಳಿಯುವ ಯುರೇಟರ್‌ಗೂ, ಕೊನೆಗೆ ಹೊರಗೆ ಬಿಡುವ ಯುರೆತ್ರಾಗೂ ಪತ್ರಿಕೆಗಳಲ್ಲಿ ಮೂತ್ರನಾಳ ಅಂತಲೇ ಬರೆಯುತ್ತಾರೆ. ನನಗೆ ಎರಡೂ ಒಂದೇ ಪ್ಯಾರಾದಲ್ಲಿ ಬರುತ್ತವೆ. ಯುರೇಟರ್ ಎರಡಿವೆ, ಒಂದೊಂದು 25 ರಿಂದ 30 ಸೆಂ.ಮೀ. ಉದ್ದ. ಯುರೆತ್ರಾ ಒಂದೇ. ಗಂಡಸರಲ್ಲಿ ಸುಮಾರು 20 ಸೆಂ.ಮೀ., ಹೆಂಗಸರಲ್ಲಿ ಬರೀ 4. ಹೆಂಗಸರಿಗೆ ಸೋಂಕು ಜಾಸ್ತಿ ಯಾಕೆ ಅನ್ನುವುದಕ್ಕೆ ಈ 4 ಸೆಂ.ಮೀ. ದೊಡ್ಡ ಕಾರಣ. ಯಾವ ನಾಳ ಅಂತ ಓದುವವರಿಗೆ ಗೊತ್ತಾಗದಿದ್ದರೆ ಕರಪತ್ರವೇ ದಂಡ.

ಇನ್ನೆರಡು ಸಂದೇಹ. ಉರಿಯೂತ ಅಂದರೆ ಜನಕ್ಕೆ ತಿಳಿಯುತ್ತದಾ? ಅಬ್‌ಸ್ಟ್ರಕ್ಷನ್‌ಗೆ ಅಡಚಣೆ ಸಾಕಾ?

ಉತ್ತರ (ಮೈಸೂರಿನಿಂದ)

ಯುರೇಟರ್ ಮೂತ್ರನಾಳ, ಯುರೆತ್ರಾ ಮೂತ್ರವಿಸರ್ಜನಾ ನಾಳ. ಹುಡುಕುವಂಥದ್ದೇನೂ ಇಲ್ಲ. ಕಿಡ್ನಿ ಯಾಕೆ? ಮೂತ್ರಪಿಂಡ ಅನ್ನಿ. ಮೂತ್ರಸೋಂಕು ಅಂತ ಬರೆದಿದ್ದರೆ ತೆಗೆಯಿರಿ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ ಅದು. "ಸೋಂಕಿತೆ" ಅಂತೂ ಬೇಡವೇ ಬೇಡ. ಸೋಂಕು ಕನ್ನಡದ ಧಾತು. ಅದಕ್ಕೆ ಸಂಸ್ಕೃತದ "ಇತ" ಅಂಟಿಸಿ ಕೋವಿಡ್ ಕಾಲದಲ್ಲಿ ಪತ್ರಿಕೆಯವರು ಭಾಷೆ ಕೆಡಿಸಿದರು.

ಉತ್ತರ (ಧಾರವಾಡದಿಂದ)

ಎಚ್‌ಐವಿ ಸೋಂಕಿತರು ಅಂತ ಕೋವಿಡ್‌ಗೆ ಎಷ್ಟೋ ಮೊದಲೇ ಬರೆಯುತ್ತಿದ್ದರು. ಅದು ಹೋಗಲಿ. ಮೂತ್ರ, ಪಿಂಡ, ವಿಸರ್ಜನಾ, ನಾಳ. ಇದರಲ್ಲಿ ಕನ್ನಡ ಎಲ್ಲಿದೆ ಸಾರ್?

ನಮ್ಮ ಕಡೆ ಉಚ್ಚಿ ಅನ್ನುತ್ತಾರೆ, ಕಾಲ್ಮಡಿ ಅನ್ನುತ್ತಾರೆ. ಉಚ್ಚೆ ತೆಲುಗಿನಲ್ಲೂ ಉಚ್ಚ. ಅಪ್ಪಟ ನಮ್ಮ ಪದ. ಅದು ಕೀಳು, ಮೂತ್ರ ಮೇಲು ಅಂತ ಯಾರು ಹೇಳಿದ್ದು? ತಮಿಳರು ಸಿರುನೀರ್ ಅಂದರು, ಕಿಡ್ನಿಗೆ ಸಿರುನೀರಗಂ ಅಂತ ಕಟ್ಟಿಕೊಂಡರು. ಶಾಲೆಯಲ್ಲಿ ಕಲಿಸಿದರು, ಆಸ್ಪತ್ರೆಯಲ್ಲಿ ಬಳಸಿದರು, ನಿಂತಿತು. ನಾವು ಕಿರುನೀರು ಅನ್ನೋಣ. ಯುರೆತ್ರಾ ಕಿರುನೀರ್ಗೊಳವೆ. ಅಡಚಣೆಗೂ ಮರಾಠಿಯ ವಾಸನೆ ಇದೆ. ತಡೆ ಅಂತ ನಮ್ಮದೇ ಇರುವಾಗ ಅದೇಕೆ?

ಉತ್ತರ (ಮೈಸೂರಿನಿಂದ)

ಕಿರುನೀರ್ಗೊಳವೆ ಯಾರಿಗೂ ಅರ್ಥವಾಗುವುದಿಲ್ಲ. ಬಿಡಿ.

ಉತ್ತರ (ಉಡುಪಿಯಿಂದ)

ನೋವು ಬೇರೆ, ತಡೆ ಬೇರೆ ಅನ್ನುವ ಭೇದ ಸುಶ್ರುತ ಸಂಹಿತೆಯಲ್ಲೇ ಇದೆ. ನೋವಿನಿಂದ, ಕಷ್ಟಪಟ್ಟು ಹೋಗುವುದು ಮೂತ್ರಕೃಚ್ಛ್ರ. ತಡೆದು ನಿಲ್ಲುವುದು ಮೂತ್ರಾಘಾತ. ಕಲ್ಲು ಅಶ್ಮರಿ. ಇಷ್ಟು ಖಚಿತವಾದ ಪದಗಳನ್ನು ಬಿಟ್ಟು ಬೇರೆ ಕಡೆ ಯಾಕೆ ತಡಕಾಡಬೇಕು?

ಉತ್ತರ (ಶಿವಮೊಗ್ಗದಿಂದ)

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಹೃದಯಾಘಾತ ಗೊತ್ತಿರುವ ಜನ ಮೂತ್ರಾಘಾತ ಅಂತ ಓದಿದರೆ ಗಾಬರಿಯಾಗುತ್ತಾರೆ. ಪದ ಖಚಿತ ಇರಬಹುದು, ಇವತ್ತಿನ ಕಿವಿಗೆ ಬೇರೆಯೇ ಕೇಳುತ್ತದೆ.

ಒಪಿಡಿಗೆ ಬಂದವರು ಹೇಳುವುದು ಹೀಗೆ: "ಒಂದಕ್ಕೆ ಹೋದ್ರೆ ಉರಿ", "ಹೀಟ್ ಆಗಿದೆ ಮೇಡಂ, ಎಳನೀರು ಕುಡಿದೆ, ಕಡಿಮೆ ಆಗ್ಲಿಲ್ಲ". ಇದು ಉರಿಮೂತ್ರ. ರೋಗದ ಹೆಸರಲ್ಲ, ಲಕ್ಷಣ. ಉರಿಯೂತ ಚೆನ್ನಾದ ಪದ, ಉರಿ ಊತ ಎರಡೂ ನಮ್ಮವೇ. ಆದರೆ ಮೂತ್ರದ ವಿಷಯದಲ್ಲಿ ಅದನ್ನು ಬಿಡಿಸಿ ಹೇಳದೆ ಬಿಡಬೇಡಿ. "ಕಿಡ್ನಿಯ ಉರಿಯೂತ" ಅಂತ ಓದಿದವಳು "ನಂಗೆ ಉರಿ ಇಲ್ವಲ್ಲ" ಅಂತ ಸುಮ್ನೆ ಕೂರುತ್ತಾಳೆ. ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಒಂದೆರಡು ವಾರದ ಮೇಲೆ ಮುಖ ಊದಿ, ಮೂತ್ರ ಕಡು ಟೀ ಬಣ್ಣಕ್ಕೆ ತಿರುಗುವುದುಂಟು. ಅದು ಕಿಡ್ನಿಯ ಸೋಸುವ ಭಾಗದ ಉರಿಯೂತ. ಅಲ್ಲಿ ಉರಿ ಇರುವುದಿಲ್ಲ, ಮೂತ್ರದಲ್ಲಿ ಸೋಂಕೂ ಇರುವುದಿಲ್ಲ. ಹಾಗಾಗಿ ಸೋಂಕು, ಉರಿಯೂತ ಎರಡನ್ನೂ ಅದಲುಬದಲು ಮಾಡಿ ಬರೆಯುವುದು ತಪ್ಪು.

ಇನ್ನು ತಡೆ. ಹಳ್ಳಿಯಲ್ಲಿ "ಮೂತ್ರ ಕಟ್ಟಿದೆ" ಅನ್ನುತ್ತಾರೆ. ವಯಸ್ಸಾದ ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ, ಹೊಟ್ಟೆಯ ಕೆಳಭಾಗ ಉಬ್ಬಿ, ಹನಿಯೂ ಬಾರದಿರುವುದಕ್ಕೆ ಈ ಮಾತು ಸರಿ. ಆದರೆ ಒಂದು ಕಡೆಯ ಯುರೇಟರ್‌ನಲ್ಲಿ ಕಲ್ಲು ಸಿಕ್ಕಿಕೊಂಡರೆ ಮೂತ್ರ ಹೋಗುತ್ತಲೇ ಇರುತ್ತದೆ, ಇನ್ನೊಂದು ಕಿಡ್ನಿ ಕೆಲಸ ಮಾಡುತ್ತಿರುತ್ತದಲ್ಲ. ಅದಕ್ಕೆ "ನಾಳ ಕಟ್ಟಿಕೊಂಡಿದೆ" ಅನ್ನಿ. ಕಟ್ಟಿಕೊಂಡ ಕಿಡ್ನಿಗೆ ಸೋಂಕೂ ತಗುಲಿದರೆ ಕೀವು ಒಳಗೇ ನಿಲ್ಲುತ್ತದೆ. ಬರೀ ಆಂಟಿಬಯೋಟಿಕ್‌ನಿಂದ ಆಗುವುದಿಲ್ಲ. ನಾಳದೊಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿ, ಇಲ್ಲವೇ ಬೆನ್ನಿನ ಕಡೆಯಿಂದ ಕೊಳವೆ ಇಳಿಸಿ ತಕ್ಷಣ ಬಸಿಯಬೇಕು. ತಡಮಾಡಿದರೆ ಜೀವಕ್ಕೇ ಅಪಾಯ. ಚಳಿಜ್ವರ, ಪಕ್ಕೆನೋವು, ವಾಂತಿ ಒಟ್ಟಿಗೆ ಬಂದರೆ ಅವತ್ತೇ ಆಸ್ಪತ್ರೆಗೆ ಬನ್ನಿ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಮೂತ್ರಕೋಶ ಅನ್ನುವುದರ ಬಗ್ಗೆಯೂ ಹುಷಾರು. ಕೆಲವರು ಅದನ್ನು ಕಿಡ್ನಿಗೇ ಹೇಳುತ್ತಾರೆ. ಮೂತ್ರಚೀಲ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಉತ್ತರ (ಬೆಂಗಳೂರಿನಿಂದ)

ಶಿವಮೊಗ್ಗದ ಅಕ್ಕ ಹೇಳಿದ್ದೇ ಸರಿ. ಕಿಡ್ನಿ ಬೇಡ ಅನ್ನುವವರಿಗೆ ಒಂದು ಮಾತು. ಕಿಡ್ನಿ ಕಾಯಿಲೆ ನೋಡುವ ಬೆಂಗಳೂರಿನ ಸರ್ಕಾರಿ ಸಂಸ್ಥೆಯನ್ನೇ ಜನ ನೆಫ್ರೋ ಯುರಾಲಜಿ ಅನ್ನುತ್ತಾರೆ. ಆಟೋದವರಿಗೂ ಗೊತ್ತು. ಅರಬ್ಬಿಯ ಜಿಲ್ಲಾಕ್ಕೆ ಸಂಸ್ಕೃತದ ಅಧಿಕಾರಿ ಸೇರಿಸಿ ಜಿಲ್ಲಾಧಿಕಾರಿ ಮಾಡಿದವರು ನಾವು. ಅದಕ್ಕೆ ಸಂಸ್ಕೃತದ ಸವರ್ಣದೀರ್ಘ ಸಂಧಿ ಬೇರೆ! ಅದನ್ನು ಯಾರೂ ಅರಿಸಮಾಸ ಅನ್ನಲಿಲ್ಲ. ಮೂತ್ರಸೋಂಕಿಗೆ ಮಾತ್ರ ಯಾಕೆ ತಕರಾರು?

ಉತ್ತರ (ಮೈಸೂರಿನಿಂದ)

ಒಂದು ತಪ್ಪು ರೂಢಿಯಾಯಿತು ಅಂತ ಇನ್ನೊಂದಕ್ಕೆ ಬಾಗಿಲು ತೆಗೆಯಬೇಕಾಗಿಲ್ಲ.

ಉತ್ತರ (ಧಾರವಾಡದಿಂದ)

ಬಾಗಿಲು ಕಾಯುವವರು ಸಂಸ್ಕೃತಕ್ಕೆ ಮಾತ್ರ ಹಿಂಬಾಗಿಲು ತೆಗೆದಿಟ್ಟಿದ್ದಾರೆ. ನನ್ನ ತಕರಾರು ಅಷ್ಟೇ.

ಉತ್ತರ (ತುಮಕೂರಿನಿಂದ)

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಬರೆದಿದ್ದೇನೆ, ಬೆಳಿಗ್ಗೆ ಹತ್ತರೊಳಗೆ ತಿದ್ದುಪಡಿ ಇದ್ದರೆ ಹೇಳಿ:

"ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಎರಡು ಮೇಲಿನ ನಾಳ. ಚೀಲದಿಂದ ಹೊರಗೆ ಬಿಡುವ ಒಂದು ಕೆಳಗಿನ ನಾಳ. ಹೆಂಗಸರಲ್ಲಿ ಕೆಳಗಿನ ನಾಳ ಗಿಡ್ಡ, ಅದಕ್ಕೇ ಸೋಂಕು ಬೇಗ ಮೇಲೇರುತ್ತದೆ. ಮೇಲಿನ ನಾಳ ಕಲ್ಲಿನಿಂದ ಕಟ್ಟಿಕೊಂಡಾಗಲೂ ಮೂತ್ರ ಹೋಗುತ್ತಿರಬಹುದು. ಚಳಿಜ್ವರ, ಪಕ್ಕೆನೋವು, ವಾಂತಿ ಬಂದರೆ ಕಾಯಬೇಡಿ."

ಚಿತ್ರದಲ್ಲೂ ಮೇಲಿನ ನಾಳ, ಕೆಳಗಿನ ನಾಳ ಅಂತಲೇ ಗುರುತು ಹಾಕಿಸುತ್ತೇನೆ. ಸೋಂಕಿತೆ ತೆಗೆದು "ಸೋಂಕು ತಗುಲಿದವರು" ಮಾಡಿದ್ದೇನೆ.

ಉತ್ತರ (ಮೈಸೂರಿನಿಂದ)

ಮೇಲಿನ ನಾಳ, ಕೆಳಗಿನ ನಾಳ ಪಾರಿಭಾಷಿಕ ಪದ ಆಗುವುದಿಲ್ಲ. ಕರಪತ್ರಕ್ಕೆ ನಡೆಯುತ್ತದೆ, ಹಾಕಿ. ಅರಿಸಮಾಸದ ಬಗ್ಗೆ ಬೇರೆ ಎಳೆ ಶುರು ಮಾಡಿ, ಬೆಂಗಳೂರಿನವರಿಗೆ ಅಲ್ಲಿ ಉತ್ತರ ಕೊಡುತ್ತೇನೆ.